ದುರ್ಗಾದೇವಿಯ ವಿಳಾಸ ಕೇಳುವವರಿಗೆ

ಜಿಲ್ಲೆಯ ಗಣಕ ಸೇವಾ ಕೇಂದ್ರಗಳ ಮೇಲ್ವಿಚಾರಣಾಧಿಕಾರಿಗಳಾದ ಮಾನ್ಯರೇ,

ಮೂರು ತಿಂಗಳ ಹಿಂದೆ ಇರಕಲ್ಲಗಡದ ನನ್ನ ಅಂಗಡಿಯಲ್ಲಿ, ಹಾಡುಹಗಲಲ್ಲಿ, ದುರ್ಗಾದೇವಿ ಎಂಬ ಇಪ್ಪತ್ತಾರು ವರ್ಷದ ಹೆಣ್ಣುಮಗಳ ಬಲಗೈ ಹೆಬ್ಬೆರಳು ತುಂಡಾಗಿ ನೆಲಕ್ಕೆ ಬಿತ್ತು. ಒಡೆದ ಬಳೆಚೂರುಗಳ ನಡುವೆ ಅದನ್ನು ಹುಡುಕಿ ತೆಗೆದವಳು ನಾನು. ಅದಿನ್ನೂ ಬೆಚ್ಚಗಿತ್ತು. ಮಚ್ಚು ಬೀಸಿದವನು ಅವಳ ಗಂಡ. ಆದರೆ ಅವನಿಗೆ ದಾರಿ ತೋರಿಸಿದವರಲ್ಲಿ ನೀವೂ ಇದ್ದೀರಿ, ನಾನೂ ಇದ್ದೇನೆ. ನನ್ನ ಪಾಲನ್ನು ಈ ಪತ್ರದಲ್ಲಿ ಒಪ್ಪಿಕೊಳ್ಳುತ್ತೇನೆ. ನಿಮ್ಮ ಪಾಲನ್ನು ನೀವು ಒಪ್ಪುವವರಲ್ಲ ಎಂದು ಗೊತ್ತಿರುವುದರಿಂದಲೇ ಇದನ್ನು ಲಕೋಟೆಯಲ್ಲಿ ಮುಚ್ಚದೆ ನಾಲ್ಕು ಜನಕ್ಕೆ ಕಾಣುವಂತೆ ಬರೆಯುತ್ತಿದ್ದೇನೆ. ಹೆಸರು ಹಾಕಲು ದುರ್ಗಾದೇವಿಯೇ ಒಪ್ಪಿದ್ದಾಳೆ.

ಇಷ್ಟೆಲ್ಲ ಆದ ಮೇಲೆ ನಿಮ್ಮ ಕಚೇರಿಯಿಂದ ನನಗೆ ಬಂದದ್ದು ಏನು? ಒಂದು ನಮೂನೆ. ಅದರ ಏಳನೆಯ ಕಾಲಂನಲ್ಲಿ ‘ಬಾಧಿತರ ಈಗಿನ ವಾಸದ ವಿಳಾಸ’ ಎಂದಿದೆ, ಪಕ್ಕದಲ್ಲಿ ‘ಕಡ್ಡಾಯ’ ಎಂದಿದೆ. ಅಡಿಯಲ್ಲಿ ಇರುವೆ ಸಾಲಿನಂಥ ಅಕ್ಷರಗಳಲ್ಲಿ ‘ಭರ್ತಿಯಾದ ನಮೂನೆಯ ಪ್ರತಿಯನ್ನು ಉಭಯ ಪಕ್ಷಗಳಿಗೆ ಕಳುಹಿಸಲಾಗುವುದು’ ಎಂದಿದೆ. ಉಭಯ ಪಕ್ಷಗಳು ಎಂದರೆ ಯಾರು ಸ್ವಾಮಿ? ಒಂದು ಪಕ್ಷ ಬೆರಳು ಕಳೆದುಕೊಂಡವಳು. ಇನ್ನೊಂದು ಪಕ್ಷ ಬೆರಳು ಕತ್ತರಿಸಿದವನು. ತನ್ನ ಮೊಬೈಲ್ ನಂಬರನ್ನು ತನ್ನನ್ನು ಕೇಳದೆ ಅರ್ಜಿಯಲ್ಲಿ ಹಾಕಿದ್ದಾರೆ ಎಂದು ಅವನೂ ನಿಮಗೆ ದೂರು ಕೊಟ್ಟಿದ್ದಾನಂತೆ, ಆದ್ದರಿಂದ ಅವನೂ ಒಂದು ಪಕ್ಷ. ಅವನೀಗ ಜಾಮೀನಿನ ಮೇಲೆ ಹೊರಗಿದ್ದಾನೆ. ಅವಳೀಗ ಎಲ್ಲಿದ್ದಾಳೆ ಎಂದು ಅವನಿಗೆ ಗೊತ್ತಿಲ್ಲ. ಅದನ್ನು ನನ್ನ ಕೈಯಿಂದ ಬರೆಸಿಕೊಂಡು, ಸೀಲು ಹೊಡೆದು, ರಿಜಿಸ್ಟರ್ ಅಂಚೆಯಲ್ಲಿ ಅವನ ಮನೆ ಬಾಗಿಲಿಗೆ ಮುಟ್ಟಿಸುವ ಕೆಲಸವನ್ನು ನಿಮ್ಮ ಕಚೇರಿ ವಹಿಸಿಕೊಂಡಿದೆ.

ನಾನು ಯಾರೆಂದು ನಿಮ್ಮ ಕಡತಕ್ಕೆ ಗೊತ್ತು, ಓದುವವರಿಗೆ ಗೊತ್ತಿಲ್ಲ. ನನ್ನ ಹೆಸರು ಮುಬಾಶಿರಾ. ಡಿ.ಎಡ್. ಮುಗಿಸಿ, ಶಿಕ್ಷಕಿಯ ಕೆಲಸಕ್ಕೆ ಕಾದು ಕಾದು, ಕೊನೆಗೆ ಕಂಪ್ಯೂಟರ್ ಕೊಂಡು ಕೂತವಳು. ನಮ್ಮದು ಒಂದೇ ಅಂಗಡಿ, ಎರಡು ಕಸುಬು. ಮುಂದಿನ ಅರ್ಧದಲ್ಲಿ ನಮ್ಮ ಅಬ್ಬಾ ಶಾಮೀದಸಾಬರ ಬಳೆ ವ್ಯಾಪಾರ, ಹಿಂದಿನ ಅರ್ಧದಲ್ಲಿ ನನ್ನ ಆನ್‌ಲೈನ್ ಸೆಂಟರ್. ಬಳೆ ಇಡಿಸಿಕೊಳ್ಳಲು ಬಂದ ಹೆಂಗಸರು ಹಾಗೇ ಒಳಗೆ ಬಂದು ಪಿಂಚಣಿ, ಪಡಿತರ, ಆಧಾರ್ ಎಂದು ಕೂರುತ್ತಾರೆ. ಗಂಡಸರ ಸೆಂಟರಿನಲ್ಲಿ ಹೇಳಲಾಗದ್ದನ್ನು ನನ್ನ ಹತ್ತಿರ ಹೇಳುತ್ತಾರೆ. ಗಂಡ ಬಿಟ್ಟದ್ದು, ಗಂಡನನ್ನು ಬಿಟ್ಟದ್ದು, ಎಲ್ಲವೂ ಅರ್ಜಿಯ ಯಾವುದೋ ಒಂದು ಕಾಲಂನಲ್ಲಿ ಹೊರಗೆ ಬರಲೇಬೇಕಲ್ಲ.

ನಕಲಿ ಪುಟಗಳ ಕಾಟ ಶುರುವಾದಾಗ ನಾನು ಬ್ರೌಸರಿಗೆ, ಅಂದರೆ ಇಂಟರ್ನೆಟ್ಟಿನ ಪುಟ ತೆರೆಯುವ ತಂತ್ರಾಂಶಕ್ಕೆ, ಒಂದು ಕಾವಲು ಸೇರಿಸಿಕೊಂಡಿದ್ದೆ. ಹೊರಗಿನವರು ಮಾಡಿದ್ದು, ಎಕ್ಸ್‌ಟೆನ್ಶನ್ ಎನ್ನುತ್ತಾರೆ. ಪುಟ ಅಸಲಿಯಾದರೆ ಪರದೆಯ ಬಲಮೂಲೆಯಲ್ಲಿ ಹಸಿರು ಬೊಟ್ಟು ಕಾಣಿಸುತ್ತಿತ್ತು. ನಕಲಿಯಾದರೆ ಇಡೀ ಪರದೆ ಕೆಂಪಾಗಿ ಪುಟವೇ ತೆರೆಯುತ್ತಿರಲಿಲ್ಲ. ಅದು ಎರಡು ವರ್ಷದಲ್ಲಿ ನನ್ನನ್ನು ಹನ್ನೊಂದು ಸಲ ಉಳಿಸಿದೆ. ಓದಲು ಬಾರದ ಹೆಂಗಸರಿಗೆ ನಾನು ಒಂದೇ ಪಾಠ ಹೇಳಿದ್ದೆ, ಹಸಿರು ಕಾಣದೆ ಹೆಬ್ಬೆಟ್ಟು ಇಡಬೇಡಿ ಎಂದು. ಅಕ್ಷರ ಬಾರದಿದ್ದರೇನು, ನೂರು ಬಣ್ಣದ ಬಳೆಗಳಲ್ಲಿ ಸೀರೆಗೆ ಒಪ್ಪುವ ಬಣ್ಣ ಆರಿಸುವ ಕಣ್ಣುಗಳು ಅವು. “ಹಸರ ಬಂತೇನ ನೋಡವಾ ಮುಬಾಶಿರಾ” ಎನ್ನದೆ ಯಾರೂ ಬೆರಳು ಮುಂದೆ ಮಾಡುತ್ತಿರಲಿಲ್ಲ.

ಆಮೇಲೆ ನಿಮ್ಮ ಸುತ್ತೋಲೆ ಬಂತು. ‘ಹೆಚ್ಚಿನ ಸುರಕ್ಷತೆಯ ದೃಷ್ಟಿಯಿಂದ’ ಎಲ್ಲ ಕೇಂದ್ರಗಳೂ ಮೂರು ದಿನದೊಳಗೆ ಬ್ರೌಸರನ್ನು ಹೊಸ ಆವೃತ್ತಿಗೆ ಏರಿಸತಕ್ಕದ್ದು, ತಪ್ಪಿದಲ್ಲಿ ಲಾಗಿನ್ ರದ್ದು. ಏರಿಸಿದೆ. ಮರುಗಳಿಗೆ ಹಸಿರು ಬೊಟ್ಟು ಬೂದಿ ಬಣ್ಣಕ್ಕೆ ತಿರುಗಿತು. ಈ ಎಕ್ಸ್‌ಟೆನ್ಶನ್‌ಗೆ ಇನ್ನು ಬೆಂಬಲವಿಲ್ಲ, ನಿಷ್ಕ್ರಿಯಗೊಳಿಸಲಾಗಿದೆ ಎಂದು ಒಂದು ಸಾಲು ಬಂತು, ಅದೂ ಇಂಗ್ಲಿಷಿನಲ್ಲಿ. ನಿಮ್ಮ ಸಹಾಯವಾಣಿಗೆ ಹನ್ನೆರಡು ಸಲ ಫೋನ್ ಹಚ್ಚಿದೆ. ಕೊನೆಗೆ ಎತ್ತಿದವರು ಹೇಳಿದ್ದು ಇಷ್ಟು: “ಹೊರಗಿನ ಸಾಮಾನಿಗೆ ನಾವು ಜವಾಬ್ದಾರಿ ಅಲ್ರಿ ಮೇಡಮ್. ಕಂಪನಿಯವರು ಬಂದ್ ಮಾಡ್ಯಾರಂದ್ರ ಏನಾರ ಕಾರಣ ಇದ್ದ ಮಾಡಿರ್ತಾರ. ಹೊಸ ಬ್ರೌಸರ್ ತಾನ ಭಾಳ ಸೇಫ್ ಐತಿ.”

ಕಾರಣ ನನಗೂ ಗೊತ್ತು. ನಾನು ಬಳೆಗಾರನ ಮಗಳೇ ಹೊರತು ಬುದ್ಧಿಗೇಡಿಯಲ್ಲ. ಹಳೆಯ ಪದ್ಧತಿಯ ಎಕ್ಸ್‌ಟೆನ್ಶನ್‌ಗಳು ನಾವು ತೆರೆದ ಪ್ರತಿ ಪುಟವನ್ನೂ ಓದಬಲ್ಲವು, ಓದಬಲ್ಲದ್ದು ಕದಿಯಲೂ ಬಲ್ಲದು ಎಂಬುದು ಕಂಪನಿಯ ವಾದ. ಒಪ್ಪೋಣ. ಕಾವಲುಗಾರನ ಮೇಲೆ ಅನುಮಾನ ಬಂದರೆ ಬಿಡಿಸಲಿ. ಆದರೆ ಅವನ ಜಾಗಕ್ಕೆ ಇನ್ನೊಬ್ಬನನ್ನು ನಿಲ್ಲಿಸಬೇಡವೇ? ‘ಇವತ್ತಿನಿಂದ ಬಾಗಿಲಲ್ಲಿ ಯಾರೂ ಇಲ್ಲ’ ಎಂದು ಮನೆಯವರಿಗೆ ಅವರ ಭಾಷೆಯಲ್ಲಿ ಹೇಳಬೇಡವೇ? ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ, ನಾಲ್ಕೂ ಕಡೆಯ ಸೆಂಟರುಗಳ ಬಾಗಿಲನ್ನು ಒಂದೇ ಆಜ್ಞೆಯಲ್ಲಿ ತೆರೆದಿಟ್ಟು ಅದಕ್ಕೆ ಸುರಕ್ಷತೆ ಎಂದು ಹೆಸರಿಟ್ಟಿರಲ್ಲ, ಆ ಸುತ್ತೋಲೆಗೆ ಸಹಿ ಹಾಕುವ ಮೊದಲು ಒಂದೇ ಒಂದು ಸೆಂಟರಿನಲ್ಲಿ ಅಪ್‌ಡೇಟ್ ಮಾಡಿ, ಏನು ಉಳಿಯಿತು ಏನು ಸತ್ತಿತು ಎಂದು ನೋಡಿದಿರಾ? ನೋಡಿಲ್ಲ. ನೋಡಿದ್ದರೆ ಈ ಪತ್ರ ಬರೆಯುವ ಪ್ರಸಂಗವೇ ಬರುತ್ತಿರಲಿಲ್ಲ.

ಈಗ ನನ್ನ ಪಾಲು. ಬೊಟ್ಟು ಬೂದಿಯಾದ ದಿನದಿಂದ ಹೆಂಗಸರು ಬೆರಳು ಹಿಂದಕ್ಕೆ ಎಳೆದುಕೊಂಡರು. ಇಬ್ಬರು ಬಿಟ್ಟುಹೋದರೆ ನಾಲ್ವರು ಬಾಗಿಲಲ್ಲಿ ನಿಂತು ಗೊಣಗುತ್ತಿದ್ದರು. ದುರ್ಗಾದೇವಿಯ ಚಿಗವ್ವ, ಅಂದರೆ ಚಿಕ್ಕಮ್ಮ, ಶಾಂತಕ್ಕ ಎದ್ದೇಬಿಟ್ಟಳು. “ಹಸರ ಇಲ್ಲಾಂದ್ರ ನಾ ಹೆಬ್ಬಟ್ಟ ಇಡಂಗಿಲ್ಲ. ನೀನ ಕಲಿಸಿದಾಕಿ, ಈಗ ನೀನ ಇಡು ಅಂತೀ.” ಅತ್ತ ನಿಮ್ಮ ಕಚೇರಿಯಿಂದ ದಿನಕ್ಕೆರಡು ಸಂದೇಶ. ಇರಕಲ್ಲಗಡದ ಸೆಂಟರ್ ಹಿಂದುಳಿದಿದೆ, ವಾರದೊಳಗೆ ಅರ್ಜಿಗಳ ಗುರಿ ಮುಟ್ಟದಿದ್ದರೆ ಕ್ರಮ. ನಾನು ಏನು ಮಾಡಿದೆ ಗೊತ್ತೇ? ಅಬ್ಬಾನ ಪೆಟ್ಟಿಗೆಯಿಂದ, ಹೆಂಗಸರು ಹಣೆಗೆ ಹಚ್ಚುವ ಟಿಕಲಿಗಳ ಒಂದು ಹಾಳೆ ತೆಗೆದುಕೊಂಡೆ. ಒಂದು ಹಸಿರು ಟಿಕಲಿ ಕಿತ್ತು, ಪರದೆಯ ಬಲಮೂಲೆಯಲ್ಲಿ ಆ ಬೂದಿ ಬೊಟ್ಟಿನ ಮೇಲೆಯೇ ಇಟ್ಟು, ಹೆಬ್ಬೆರಳಿನಿಂದ ಗಟ್ಟಿಯಾಗಿ ಒತ್ತಿದೆ. ಇನ್ನು ಪುಟ ಯಾವುದೇ ಇರಲಿ, ಹಸಿರೋ ಹಸಿರು.

ಅಬ್ಬಾ ನೋಡಿದ. ಅವನು ಬಳೆ ಇಡುವ ಮೊದಲು ಪ್ರತಿಯೊಂದನ್ನೂ ಉಗುರಿನಿಂದ ತಟ್ಟಿ ಕಿವಿಗೆ ಹಿಡಿಯುತ್ತಾನೆ. ಬಿರುಕು ಬಿಟ್ಟ ಬಳೆಯ ಸದ್ದು ಬೇರೆ. ಅದನ್ನು ಅವನು ಬುಟ್ಟಿಗೆ ಒಗೆಯುತ್ತಾನೆಯೇ ಹೊರತು ಯಾರ ಕೈಗೂ ಏರಿಸುವುದಿಲ್ಲ, ನಲವತ್ತು ವರ್ಷದಿಂದ ಅದೇ ರೂಢಿ. ಅವನು ಹೇಳಿದ್ದು ಇಷ್ಟೇ: “ಸೀಳಿದ್ದ ಬಳೀನ ಛಲೋ ಐತಿ ಅಂತ ಇಡಬ್ಯಾಡ ಬೇಟಿ. ಚುಚ್ಚೂದು ಇಟ್ಟಾಕಿಗಲ್ಲ, ಇಟಗೊಂಡಾಕಿಗೆ.” ನಾನು ಅವನ ಮೇಲೆ ರೇಗಿದೆ. ಸುಮ್ಮನೆ ರೇಗಿದ್ದಲ್ಲ, ಯಲಬುರ್ಗಾ ಕಡೆಯ ಮಂಗಳೂರಿನಲ್ಲಿ ನನ್ನಂತೆಯೇ ಸೆಂಟರ್ ನಡೆಸುವ ಗೆಳತಿ ರಾಜಾಬೀಗೆ ಫೋನ್ ಮಾಡಿ, ನೀನೂ ಒಂದು ಟಿಕಲಿ ಹಚ್ಚು, ಗದ್ದಲ ನಿಲ್ಲುತ್ತದೆ ಎಂದು ಬುದ್ಧಿ ಬೇರೆ ಹೇಳಿದೆ.

ದುರ್ಗಾದೇವಿ ಕುಷ್ಟಗಿ ಕಡೆಯ ಹಳ್ಳಿಗೆ ಕೊಟ್ಟ ಹುಡುಗಿ. ಗಂಡ ಯಂಕೇಶ ಅವಳನ್ನು ಹೊಡೆಯುತ್ತಿದ್ದುದು ಬೆಲ್ಟಿನಿಂದ, ಒಮ್ಮೆ ಪಂಪ್‌ಸೆಟ್ಟಿನ ಸ್ಪ್ಯಾನರಿನಿಂದ. ಭುಜದ ಎಲುಬು ಮುರಿದ ದಿನ ಉಟ್ಟ ಸೀರೆಯಲ್ಲೇ ಓಡಿಬಂದು ಚಿಗವ್ವನ ಮನೆ ಸೇರಿದ್ದಳು. ಇರಕಲ್ಲಗಡದಲ್ಲಿ ಇದ್ದಾಳೆ ಎಂಬ ಸುಳಿವು ಗಂಡನ ಕಡೆಯವರಿಗೆ ಇರಲಿಲ್ಲ, ಎಂಟು ತಿಂಗಳು ಯಾರೂ ಬಾಯಿ ಬಿಟ್ಟಿರಲಿಲ್ಲ. ಗಂಡನ ಪಡಿತರ ಚೀಟಿಯಿಂದ ತನ್ನ ಹೆಸರು ಬೇರೆ ಮಾಡಿಸಿಕೊಳ್ಳಲು ನನ್ನ ಹತ್ತಿರ ಬಂದಳು. ಆ ಅರ್ಜಿಯ ಪುಟವನ್ನು ಹೊಸ ಜಾಲವಿಳಾಸಕ್ಕೆ ಸಾಗಿಸಲಾಗಿದೆ ಎಂದು ನಿಮ್ಮ ಸುತ್ತೋಲೆ ಹೇಳಿತ್ತು, ಹೊಸ ವಿಳಾಸ ಯಾವುದೆಂದು ಹೇಳಿರಲಿಲ್ಲ. ಹುಡುಕಿದೆ. ಮೊದಲು ಬಂದ ಪುಟ ತೆರೆದೆ. ಅದೇ ಲಾಂಛನ, ಅದೇ ಬಣ್ಣ, ಅದೇ ಒರಟು ಕನ್ನಡ. ‘ಕುಟುಂಬದ ಯಜಮಾನನ ಮೊಬೈಲ್ ನಂಬರ್, ಕಡ್ಡಾಯ’ ಎಂದು ಕೇಳಿತು. ‘ಅರ್ಜಿದಾರರ ಈಗಿನ ವಾಸದ ವಿಳಾಸ, ಕಡ್ಡಾಯ’, ‘ಬಲಗೈ ಹೆಬ್ಬೆಟ್ಟಿನ ಗುರುತಿನ ಫೋಟೊ, ಕಡ್ಡಾಯ’ ಎಂದೂ ಕೇಳಿತು.

“ಅವನ ನಂಬರ್ ಯಾಕ್ರಿ ಅಕ್ಕಾ?” ಎಂದಳು ದುರ್ಗಾದೇವಿ.

“ಸರ್ಕಾರ ಕೇಳತೈತಿ.”

ಅವಳು ಪರದೆಯ ಮೂಲೆ ನೋಡಿದಳು, ಆಮೇಲೆ ನನ್ನ ಮುಖ ನೋಡಿದಳು. “ಹಸರ ಐತೇನ್ರಿ ಅಕ್ಕಾ?”

“ಐತಿ” ಎಂದೆ. ಮಾನ್ಯರೇ, ಆ ಒಂದು ಮಾತಿಗಾಗಿ ನನ್ನ ನಾಲಿಗೆ ಕಿತ್ತುಹಾಕಿದರೂ ಕಡಿಮೆಯೇ.

ಐದನೆಯ ದಿನ ಯಂಕೇಶನಿಗೆ ಯಾರೋ ಫೋನ್ ಮಾಡಿದರು. ನಿಮ್ಮ ಹೆಂಡತಿ ದುರ್ಗಾದೇವಿ ಅರ್ಜಿ ಹಾಕಿದ್ದಾರೆ, ಒಟಿಪಿ ಹೇಳಿ ಎಂದರು. ನಂಬಿಕೆ ಬರಲಿ ಎಂದು ಊರು, ಓಣಿ, ಯಾರ ಮನೆ ಎಂಬುದನ್ನೆಲ್ಲ ಓದಿ ಹೇಳಿದರು. ಇದು ಅವನೇ ಪೊಲೀಸರ ಮುಂದೆ ಹೇಳಿದ ಮಾತು. ಅವನು ಒಟಿಪಿ ಕೊಡಲಿಲ್ಲ. ವಿಳಾಸ ತೆಗೆದುಕೊಂಡ. ಎಲ್ಲೋ ಕೂತ ಆ ಕಳ್ಳನಿಗೆ ಏನೂ ದಕ್ಕಲಿಲ್ಲ, ಮನೆಯ ಕಟುಕನಿಗೆ ಎಲ್ಲ ದಕ್ಕಿತು.

ಮರುದಿನ ಮಧ್ಯಾಹ್ನ ದುರ್ಗಾದೇವಿ, ಶಾಂತಕ್ಕ ಇಬ್ಬರೂ ಅರ್ಜಿ ಏನಾಯಿತು ಎಂದು ಕೇಳಲು ಬಂದರು. ಅರ್ಜಿ ಹಾಕಿದ ಖುಷಿಗೆ ಶಾಂತಕ್ಕ ಅವಳಿಗೆ ಒಂದು ಡಜನ್ ಬಳೆ ಇಡಿಸುವವಳಿದ್ದಳು. ಅಬ್ಬಾ ಅವಳ ಬಲಗೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದು, ಬೆರಳುಗಳನ್ನು ಒತ್ತಿ ಕೂಡಿಸಿ ಬಳೆ ಏರಿಸುತ್ತಿದ್ದ. “ಕೈ ಸಡ್ಲ ಬಿಡವಾ ಮಗಳ. ಬಿಗಿ ಹಿಡದ್ರ ಒಡೀತಾವ” ಎನ್ನುತ್ತಿದ್ದ. ಅವಳು ಸಡಿಲ ಬಿಟ್ಟಳು. ಆಗ ಯಂಕೇಶ ಒಳಗೆ ಬಂದ. ಬೈಗುಳವಿಲ್ಲ, ಕೂಗಾಟವಿಲ್ಲ, ಸೀದಾ ಮಚ್ಚು ಎತ್ತಿದ. ಮೊದಲ ಏಟು ಅಬ್ಬಾನ ಕೈಯೊಳಗಿದ್ದ ಅವಳ ಕೈಯ ಮೇಲೆಯೇ ಬಿತ್ತು. ಬಳೆಗಳ ಸದ್ದು, ಎಲುಬಿನ ಸದ್ದು ಎರಡೂ ಒಟ್ಟಿಗೆ ಕೇಳಿದವು. ಎರಡನೆಯದು ಭುಜಕ್ಕೆ, ಹಿಂದೆ ಅವನೇ ಮುರಿದಿದ್ದ ಭುಜಕ್ಕೆ. ರಕ್ತ ಅಬ್ಬಾನ ಗಡ್ಡಕ್ಕೆ ಚಿಮ್ಮಿತು. ಶಾಂತಕ್ಕ ಯಂಕೇಶನ ಕಾಲಿನ ಮೇಲೆ ಬಿದ್ದು ತೊಡೆ ಕಚ್ಚಿ ಹಿಡಿದಳು. ಅವನು ಮಚ್ಚಿನ ಹಿಡಿಯಿಂದ ಅವಳ ಬೆನ್ನು ಕುಟ್ಟುತ್ತಿದ್ದರೂ ಬಿಡಲಿಲ್ಲ.

ನಾನು ಕಂಪ್ಯೂಟರಿನ ಮಾನಿಟರನ್ನು ತಂತಿಗಳ ಸಮೇತ ಕಿತ್ತೆ. ಎರಡೂ ಕೈಯಲ್ಲಿ ಎತ್ತಿ ಅವನ ತಲೆಯ ಮೇಲೆ ಹಾಕಿದೆ. ಅವನು ಬಿದ್ದ. ಬಿದ್ದ ಮೇಲೂ ಹೊಡೆದೆ. ಮೂಗು ಒಡೆಯಿತು, ಹಲ್ಲು ಹೋಯಿತು, ಆದರೂ ಹೊಡೆದೆ. ಜನ ಬಂದು ನನ್ನನ್ನು ಎಳೆದು, ಅವನನ್ನು ಲೈಟಿನ ಕಂಬಕ್ಕೆ ಕಟ್ಟಿದರು. ಪೊಲೀಸರಿಗೆ ಇದನ್ನೆಲ್ಲ ಹೇಳಿದ್ದೇನೆ, ನಿಮಗೂ ಹೇಳುತ್ತಿದ್ದೇನೆ. ಪಶ್ಚಾತ್ತಾಪವಿಲ್ಲ. ಇವತ್ತಿಗೂ ಕೈ ಕಡಿಯುತ್ತದೆ, ಇನ್ನೂ ನಾಲ್ಕು ಹಾಕಬೇಕಿತ್ತು ಅನಿಸುತ್ತದೆ. ಪರದೆ ಚೂರುಚೂರಾಗಿ ನೆಲದ ಮೇಲೆ ಬಿದ್ದಿತ್ತು. ಬಲಮೂಲೆಯ ಚೂರಿನ ಮೇಲೆ ಟಿಕಲಿ ಹಾಗೇ ಅಂಟಿಕೊಂಡಿತ್ತು.

ಕೊಪ್ಪಳದ ಆಸ್ಪತ್ರೆಯಲ್ಲಿ ಡಾಕ್ಟರರು ತಮ್ಮ ಕೈಲಾದದ್ದನ್ನೆಲ್ಲ ಮಾಡಿದರು. ಬೆರಳು ಕೂಡಲಿಲ್ಲ. ಅಬ್ಬಾ ಅಂದಿನಿಂದ ಯಾರ ಕೈಗೂ ಬಳೆ ಇಟ್ಟಿಲ್ಲ. “ನಾ ಹಿಡಕೊಂಡಿದ್ದೆ. ಹಿಡಕೊಂಡಿರಲಿಲ್ಲಾಂದ್ರ ಆಕಿ ಕೈ ಹಿಂದಕ್ಕ ಎಳಕೊಂತಿದ್ಲು” ಎನ್ನುತ್ತಾನೆ, ಅನ್ನ ಮುಂದಿಟ್ಟುಕೊಂಡು ಹಾಗೇ ಕೂರುತ್ತಾನೆ. ಬಾಗಿಲು ತೆರೆದಿಟ್ಟವರು ನೀವು, ಬಾಗಿಲಿಗೆ ಬಣ್ಣ ಹಚ್ಚಿದವಳು ನಾನು, ತಪ್ಪು ತನ್ನದು ಎನ್ನುವವನು ಅಬ್ಬಾ. ನಲವತ್ತು ವರ್ಷ ಒಂದು ಸೀಳು ಬಳೆ ಮಾರದವನಿಗೆ ಸಿಕ್ಕ ಶಿಕ್ಷೆ ಇದು.

ನಾಲ್ಕನೆಯ ದಿನ ಅವಳ ಮಂಚದ ಪಕ್ಕ ಕೂತು ನಾನು ಬಾಯಿಬಿಟ್ಟೆ. ಅದು ಕಾವಲಿನ ಹಸಿರಲ್ಲ, ಅಬ್ಬಾನ ಪೆಟ್ಟಿಗೆಯ ಟಿಕಲಿ ಎಂದೆ. ಉಗುಳುತ್ತಾಳೆ, ಅಕ್ಕಪಕ್ಕದವರು ಕೇಳುವಂತೆ ಶಪಿಸುತ್ತಾಳೆ ಎಂದುಕೊಂಡಿದ್ದೆ. ದುರ್ಗಾದೇವಿ ಬ್ಯಾಂಡೇಜಿನ ಕೈಯನ್ನು ಎದೆಯ ಮೇಲಿಟ್ಟುಕೊಂಡು ಹೇಳಿದಳು: “ಗೊತ್ತಿತ್ರಿ ಅಕ್ಕಾ. ದಿನಾ ಹಣಿಗೆ ಹಚ್ಚೂ ಟಿಕಲಿ ಗುರ್ತ ಸಿಗದಷ್ಟ ಕುರುಡಿ ಏನ್ ನಾನು? ಹಸರ ನೋಡಿ ಇಡಲಿಲ್ಲ. ನೀವು ಐತಿ ಅಂದ್ರಿ, ಅದಕ್ಕ ಇಟ್ಟೆ.”

ಮಾನ್ಯರೇ, ನಿಮ್ಮ ಸುತ್ತೋಲೆ, ಕಂಪನಿಯ ಅಪ್‌ಡೇಟ್, ನನ್ನ ಟಿಕಲಿ, ಇವುಗಳಲ್ಲಿ ಯಾವುದನ್ನೂ ಆ ಹುಡುಗಿ ನಂಬಿರಲಿಲ್ಲ. ನನ್ನನ್ನು ನಂಬಿದ್ದಳು. ಹೊರಗೆ ಬಂದು ಆಸ್ಪತ್ರೆಯ ಗೋಡೆಗೆ ತಲೆ ಚಚ್ಚಿಕೊಂಡೆ. ಆಮೇಲೆ ರಾಜಾಬೀಗೆ ಫೋನ್ ಮಾಡಿ, ಕಿತ್ತೊಗೆ ಅದನ್ನ, ಈಗಿಂದೀಗ ಕಿತ್ತೊಗೆ ಎಂದು ಕಿರುಚಿದೆ. ಅವಳು ಕಿತ್ತಳು. ನಾಲ್ಕು ತಾಲೂಕುಗಳಲ್ಲಿ ಇನ್ನೆಷ್ಟು ಪರದೆಗಳ ಮೇಲೆ ಇಂಥ ಟಿಕಲಿಗಳಿವೆ ಎಂದು ನನಗೆ ಗೊತ್ತಿಲ್ಲ. ನಿಮಗೂ ಗೊತ್ತಿಲ್ಲ. ಆದರೆ ಗುರಿ ಮುಟ್ಟಿದ ಸೆಂಟರುಗಳ ಪಟ್ಟಿ ನಿಮ್ಮ ಹತ್ತಿರ ಇರಬೇಕಲ್ಲ, ಅಲ್ಲಿಂದ ಹುಡುಕಲು ಶುರುಮಾಡಬಹುದು.

ಹುಡುಕುವ ಬದಲು ನೀವು ಮಾಡಿದ್ದು ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತಾಯಿತು. ‘ಅನಧಿಕೃತ ಎಕ್ಸ್‌ಟೆನ್ಶನ್ ಬಳಸಿ ಸಾರ್ವಜನಿಕರನ್ನು ದಾರಿ ತಪ್ಪಿಸಿದ ಕಾರಣ’ ನನ್ನ ಲಾಗಿನ್ ರದ್ದಾಗಿದೆ. ಎರಡು ವರ್ಷ ಕಾವಲು ಕಾದದ್ದು ಅಪರಾಧ. ಅದನ್ನು ಕೊಂದದ್ದು ಸುಧಾರಣೆ. ಟಿಕಲಿಯ ವಿಷಯಕ್ಕೆ ನನ್ನ ಲಾಗಿನ್ ಕಿತ್ತುಕೊಂಡಿದ್ದರೆ ತಲೆ ತಗ್ಗಿಸುತ್ತಿದ್ದೆ, ಆದರೆ ನಿಮ್ಮ ನೋಟಿಸಿನಲ್ಲಿ ಟಿಕಲಿಯ ಮಾತೇ ಇಲ್ಲ. ಆ ನಕಲಿ ಪುಟ ನಿನ್ನೆ ಮಧ್ಯಾಹ್ನದವರೆಗೂ ಜೀವಂತವಾಗಿತ್ತು, ನಾನೇ ಗಂಗಾವತಿಯ ಒಂದು ಸೆಂಟರಿನಲ್ಲಿ ಕೂತು ತೆರೆದು ನೋಡಿದೆ. ಇವತ್ತೂ ಅದು ಯಾವುದೋ ಹೆಣ್ಣುಮಗಳ ಗಂಡನ ನಂಬರ್ ಕೇಳುತ್ತಿರಬಹುದು. ಕೋಟೆ ಸೂರೆಹೋದ ಮೇಲೆ ದಿಡ್ಡಿ ಬಾಗಿಲು ಹಾಕುವವರನ್ನು ಕಂಡಿದ್ದೇವೆ. ನೀವು ಸೂರೆಹೋದ ಮೇಲೂ ಹಾಕುತ್ತಿಲ್ಲ.

ಆದ್ದರಿಂದ ಕೇಳುತ್ತಿದ್ದೇನೆ, ಬೇಡುತ್ತಿಲ್ಲ. ಆ ನಕಲಿ ಪುಟದ ಕತ್ತು ಇವತ್ತೇ ಹಿಸುಕಿ. ಮುಂದಿನ ಅಪ್‌ಡೇಟ್ ಕಡ್ಡಾಯ ಮಾಡುವ ಮೊದಲು ಯಾವ ಕಾವಲು ಸಾಯುತ್ತದೆ, ಅದರ ಜಾಗಕ್ಕೆ ಯಾವುದು ಬರುತ್ತದೆ ಎಂದು ಪ್ರತಿ ಸೆಂಟರಿಗೂ ಕನ್ನಡದಲ್ಲಿ ತಿಳಿಸಿ, ಬದಲಿ ಸಿಗುವತನಕ ಯಾರನ್ನೂ ಗುರಿಯ ಹೆಸರಲ್ಲಿ ಹೆದರಿಸಬೇಡಿ. ದುರ್ಗಾದೇವಿಯ ಪಡಿತರ ಚೀಟಿಯನ್ನು ಅವಳ ಎಡಗೈ ಹೆಬ್ಬೆಟ್ಟಿನ ಮೇಲೆ ಬೇರೆ ಮಾಡಿಕೊಡಿ. ನನ್ನ ಲಾಗಿನ್ ವಾಪಸು ಬೇಡ, ಅದನ್ನು ನೀವೇ ಇಟ್ಟುಕೊಳ್ಳಿ. ಆದರೆ ಆ ಏಳನೆಯ ಕಾಲಂ ಹೊಡೆದುಹಾಕಿ. ನನ್ನ ನಮೂನೆಯಿಂದ ಮಾತ್ರವಲ್ಲ, ಗಂಡನಿಗೆ ಹೆದರಿ ಓಡಿಬಂದ ಪ್ರತಿ ಹೆಂಗಸಿನ ನಮೂನೆಯಿಂದಲೂ ಹೊಡೆದುಹಾಕಿ.

ನಿಮ್ಮ ನಮೂನೆಯನ್ನು ಭರ್ತಿ ಮಾಡಿ ಇದರೊಂದಿಗೆ ಲಗತ್ತಿಸಿದ್ದೇನೆ. ಏಳನೆಯ ಕಾಲಂ ಖಾಲಿ ಇದೆ. ಕೋರ್ಟಿಗೆ ಎಳೆಯಿರಿ, ಜೈಲಿಗೆ ಹಾಕಿ, ಅದು ಖಾಲಿಯೇ ಇರುತ್ತದೆ. ಒಂದು ಸಲ ಅವಳಿಗೆ ಐತಿ ಎಂದು ಸುಳ್ಳು ಹೇಳಿದವಳು, ಇನ್ನು ಅವಳ ಬಗ್ಗೆ ಯಾರು ಕೇಳಿದರೂ ಗೊತ್ತಿಲ್ಲ ಎಂದು ಸಾಯುವತನಕ ಸುಳ್ಳು ಹೇಳುತ್ತೇನೆ. ಎಂಟನೆಯ ಕಾಲಂನಲ್ಲಿ ಬಾಧಿತರ ಬಲಗೈ ಹೆಬ್ಬೆಟ್ಟಿನ ಗುರುತು ಕೇಳಿದ್ದೀರಿ. ಅದು ಈ ಭೂಮಿಯ ಮೇಲೆ ಇಲ್ಲ. ಅಲ್ಲಿ ನನ್ನದನ್ನು ಒತ್ತಿದ್ದೇನೆ, ಟಿಕಲಿ ಒತ್ತಿದ್ದು ಇದೇ ಬೆರಳಿನಿಂದ. ಯಾರದಾದರೂ ವಿಳಾಸ ಬೇಕೇಬೇಕು ಎನ್ನುವುದಾದರೆ ಇದರ ವಿಳಾಸ ಬರೆದುಕೊಳ್ಳಿ, ಪ್ರತಿಯನ್ನು ಯಂಕೇಶನಿಗೂ ಕಳಿಸಿ.

ಇಂತಿ,
ಐತಿ ಎಂದು ಹೇಳಿದವಳು,
ಮುಬಾಶಿರಾ
ಶಾಮೀದಸಾಬರ ಬಳೆ ಅಂಗಡಿಯ ಹಿಂಭಾಗ, ಇರಕಲ್ಲಗಡ
(ಬಾಗಿಲು ತೆರೆದಿರುತ್ತದೆ. ಹೊಸ ಮಾನಿಟರ್ ತಂದಿದ್ದೇನೆ, ಮೊದಲಿನದಕ್ಕಿಂತ ಭಾರ ಇದೆ.)